ಪೇಮೆಂಟ್ ಟರ್ಮ್ಸ್: ಫ್ರೀಲ್ಯಾನ್ಸ್ ಕಮರ್ಷಿಯಲ್ ಫೋಟೋಗ್ರಾಫರ್‌ಗಳಿಗೆ ಅಧ್ಯಯನ ಟಿಪ್ಪಣಿ

ಪ್ರಾಡಕ್ಟ್, ಫುಡ್, ಫ್ಯಾಷನ್, ಇಂಟೀರಿಯರ್ ಅಂತ ಕಂಪನಿಗಳಿಗೆ ಫೋಟೋ ತೆಗೆಯುವ ಕೆಲಸಕ್ಕೆ ಇಳಿದವರಿಗೆ ಈ ಟಿಪ್ಪಣಿ. ಮದುವೆ ಫೋಟೋಗ್ರಫಿ ಮಾಡಿ ಈ ಕಡೆ ಬಂದವರಿಗೆ ಮೊದಲ ಪೆಟ್ಟು ಬೀಳೋದೇ ದುಡ್ಡಿನ ವಿಷಯದಲ್ಲಿ. ಅಲ್ಲಿ ಆಲ್ಬಮ್ ನಿಮ್ಮ ಕೈಯಲ್ಲಿರುತ್ತದೆ, ಬಾಕಿ ಕೊಟ್ಟು ತಗೊಂಡು ಹೋಗುತ್ತಾರೆ. ಇಲ್ಲಿ ಕಂಪನಿಗೆ ಫೋಟೋ ನಾಳೆ ಬೆಳಿಗ್ಗೆಯೇ ಬೇಕು, ದುಡ್ಡು ಮಾತ್ರ 60 ದಿನದ ಮೇಲೆ. ಫೈಲ್ ಕೈಬಿಟ್ಟ ಮೇಲೆ ಹಿಡಿದುಕೊಳ್ಳೋಕೆ ನಿಮ್ಮ ಹತ್ತಿರ ಏನೂ ಉಳಿಯೋದಿಲ್ಲ. ಹಾಗಾಗಿ ದುಡ್ಡಿನ ಮಾತು ಮುಗಿಸಬೇಕಾದ್ದು ಕೊಟೇಶನ್ ಕಳಿಸುವ ಹೊತ್ತಿನಲ್ಲಿ. ಆಗ ಅವರಿಗೆ ನಿಮ್ಮ ಗರಜು ಇರುತ್ತದೆ.

ಫೀ ಬೇರೆ, ಖರ್ಚು ಬೇರೆ

ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆಯೋ ಅಭ್ಯಾಸ ಬಿಡಿ. ಒಂದು ಸೀರೆ ಬ್ರ್ಯಾಂಡ್‌ನ ಕ್ಯಾಟಲಾಗ್ ಶೂಟ್ ಅಂದುಕೊಳ್ಳಿ. ಜಿಎಸ್‌ಟಿ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಫೀ 60,000 ರೂಪಾಯಿ. ಸ್ಟುಡಿಯೋ, ಲೈಟ್ ಬಾಡಿಗೆ, ಮಾಡೆಲ್, ಮೇಕಪ್, ಅಸಿಸ್ಟೆಂಟ್, ಊಟ, ಗಾಡಿ ಎಲ್ಲ ಸೇರಿ 70,000. ಒಟ್ಟು 1,30,000. ಎಲ್ಲರೂ ಹೇಳುವ ‘ಅರ್ಧ ಅಡ್ವಾನ್ಸ್’ ಲೆಕ್ಕದಲ್ಲಿ ನಿಮಗೆ ಬರೋದು 65,000. ಮೇಕಪ್‌ನವರು, ಲೈಟ್‌ನವರು ಪ್ಯಾಕಪ್ ಆದ ದಿನವೇ ದುಡ್ಡು ಕೇಳುತ್ತಾರೆ, ಅದು ನ್ಯಾಯವೇ. ಅವರಿಗೆ ಕೊಟ್ಟಾದ ಮೇಲೆ ಫೀ ಒಂದು ರೂಪಾಯಿಯೂ ಕೈಗೆ ಬಂದಿರೋದಿಲ್ಲ, ಮೇಲೆ 5,000 ನಿಮ್ಮ ಜೇಬಿನಿಂದ ಹೋಗಿರುತ್ತದೆ.

ಅದಕ್ಕೆ ಖರ್ಚು ಪೂರ್ತಿ ಮುಂಗಡ, ಫೀಯಲ್ಲಿ ಅರ್ಧ ಮುಂಗಡ ಅಂತ ಬೇರೆ ಬೇರೆ ಬರೆಯಿರಿ. ಈ ಶೂಟ್‌ಗೆ ಅದು 1,00,000 ಆಗುತ್ತದೆ. ‘ಅಡ್ವಾನ್ಸ್ ಖಾತೆಗೆ ಬಂದ ಮೇಲೆಯೇ ಶೂಟ್ ದಿನಾಂಕ ಖಾತ್ರಿ’ ಅನ್ನೋ ಸಾಲೂ ಇರಲಿ. ಕ್ಯಾನ್ಸಲ್ ಆದರೆ ಎಷ್ಟು, ಮುಂದಕ್ಕೆ ಹಾಕಿದರೆ ಎಷ್ಟು ಅನ್ನೋದೂ ಅದೇ ಹಾಳೆಯಲ್ಲಿರಲಿ. ಹಿಂದಿನ ಸಂಜೆ ಫೋನ್ ಮಾಡಿ ‘ಸ್ಯಾಂಪಲ್ ಬಂದಿಲ್ಲ, ಮುಂದಿನ ವಾರ ಮಾಡೋಣ’ ಅಂದಾಗ ಸ್ಟುಡಿಯೋದವರು ನಿಮ್ಮ ಬಾಡಿಗೆ ವಾಪಸ್ ಕೊಡೋದಿಲ್ಲ ಅಲ್ವಾ?

30 ದಿನ ಅಂದರೆ ಯಾವತ್ತಿನಿಂದ?

‘ನೆಟ್ 30’ (30 ದಿನದಲ್ಲಿ ಪೂರ್ತಿ ಪಾವತಿ) ಅಂದ ತಕ್ಷಣ ಒಪ್ಪಿಬಿಡುವವರೇ ಜಾಸ್ತಿ. ಎಣಿಕೆ ಯಾವತ್ತಿನಿಂದ ಶುರು ಅಂತ ಕೇಳಿ. ಇನ್‌ವಾಯ್ಸ್ ದಿನಾಂಕದಿಂದಲಾ, ಅಕೌಂಟ್ಸ್‌ನವರು ಅದನ್ನು ಸಿಸ್ಟಮ್‌ಗೆ ಹಾಕಿದ ದಿನದಿಂದಲಾ, ಆ ತಿಂಗಳ ಕೊನೆಯಿಂದಲಾ? ಎಲ್ಲಕ್ಕಿಂತ ಕೆಟ್ಟದ್ದು ‘ಫೈನಲ್ ಅಪ್ರೂವಲ್ ಆದ ದಿನದಿಂದ’ ಅನ್ನೋದು. ಬ್ರ್ಯಾಂಡ್ ಮ್ಯಾನೇಜರ್ ರಜೆ ಹಾಕಿದರೆ ನಿಮ್ಮ 30 ದಿನ ಶುರುವೇ ಆಗೋದಿಲ್ಲ. ಫೋಟೋ ಅಷ್ಟು ಹೊತ್ತಿಗೆ ಅವರ ವೆಬ್‌ಸೈಟ್‌ನಲ್ಲಿ ರಾರಾಜಿಸುತ್ತಿರುತ್ತದೆ. ‘ಫೈಲ್ ಕಳಿಸಿದ 7 ದಿನದೊಳಗೆ ಬರಹದಲ್ಲಿ ತಕರಾರು ಬಾರದಿದ್ದರೆ ಒಪ್ಪಿದ ಹಾಗೆ’ ಅಂತ ಒಂದು ಸಾಲು ಸೇರಿಸಿ.

ಏಜೆನ್ಸಿ ಮೂಲಕ ಬಂದ ಕೆಲಸವಾದರೆ ಇನ್ನೊಂದು ಮಾತು ಕೇಳಿಬರುತ್ತದೆ: ‘ನಮ್ಮ ಕ್ಲೈಂಟೇ ನಮಗಿನ್ನೂ ಕೊಟ್ಟಿಲ್ಲ.’ ಪಿಒ (ಪರ್ಚೇಸ್ ಆರ್ಡರ್, ಅಂದರೆ ಬರಹದಲ್ಲಿ ಕೊಡುವ ಕೆಲಸದ ಆದೇಶ) ಯಾರು ಕೊಟ್ಟರೋ ಅವರೇ ನಿಮಗೆ ಸಾಲಗಾರರು. ಅವರ ಕ್ಲೈಂಟ್ ಯಾವಾಗ ಕೊಡುತ್ತಾರೆ ಅನ್ನೋದು ಅವರಿಬ್ಬರ ವ್ಯವಹಾರ. ಆದರೆ ಪಿಒದ ಕೊನೇ ಪುಟದ ಸಣ್ಣ ಅಕ್ಷರದಲ್ಲಿ ‘ನಮ್ಮ ಕ್ಲೈಂಟ್ ಕೊಟ್ಟ ಮೇಲೆಯೇ ಕೊಡುತ್ತೇವೆ’ ಅನ್ನೋ ಷರತ್ತು ತೂರಿಸಿರುವುದುಂಟು. ಮೊತ್ತ ನೋಡಿ ಖುಷಿಯಾಗಿ ಪಿಒ ಮುಚ್ಚಿಡಬೇಡಿ, ಪೂರ್ತಿ ಓದಿ. ನಿಮ್ಮ ಕೊಟೇಶನ್‌ಗೂ ಅದಕ್ಕೂ ತಾಳೆಯಾಗದಿದ್ದರೆ ಶೂಟ್‌ಗೆ ಮೊದಲೇ ಮೇಲ್ ಹಾಕಿ.

45 ದಿನದ ಕಾನೂನು

ಇದು ಗೊತ್ತಿಲ್ಲದೆ ಎಷ್ಟೋ ಜನ 90 ದಿನಕ್ಕೆ ತಲೆಯಾಡಿಸುತ್ತಾರೆ. 2006ರ ಎಂಎಸ್‌ಎಂಇಡಿ ಕಾಯ್ದೆಯ (ಸಣ್ಣ ಉದ್ಯಮಗಳ ಕಾಯ್ದೆ) 15ನೇ ಕಲಂ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಬರಹದ ಒಪ್ಪಂದವಿದ್ದರೂ ಕ್ಲೈಂಟ್ ಫೋಟೋ ಒಪ್ಪಿದ ದಿನದಿಂದ 45 ದಿನಕ್ಕಿಂತ ಮುಂದೆ ತಳ್ಳುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಕೆಲಸ ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಾರದಿದ್ದರೆ, ತಲುಪಿದ ದಿನವೇ ಒಪ್ಪಿದ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ 6% ಇದ್ದರೆ ಬಡ್ಡಿ 18% ಅಂತ ಲೆಕ್ಕ.

ಒಬ್ಬರೇ ಕ್ಯಾಮೆರಾ ಹಿಡಿದು ಓಡಾಡುವವರೂ ಇದರಡಿ ಬರಬಹುದು. ಅದಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು) ಬೇಕು. ಸರ್ಕಾರಿ ಪೋರ್ಟಲ್‌ನಲ್ಲಿ ಪುಕ್ಕಟೆ, ಆಧಾರ್ ಇದ್ದರೆ ಮನೆಯಲ್ಲೇ ಕೂತು ಮುಗಿಸಬಹುದು. ದುಡ್ಡು ಕೀಳುವ ನಕಲಿ ಸೈಟ್‌ಗಳಿವೆ, ಹುಷಾರು. ಶೂಟ್ ಒಪ್ಪುವ ಮೊದಲೇ ನೋಂದಣಿ ಆಗಿರಲಿ. ಜಗಳ ಶುರುವಾದ ಮೇಲೆ ಮಾಡಿಸಿಕೊಂಡರೆ ಹಳೇ ಬಾಕಿಗೆ ಅದನ್ನು ಹಿಡಿದು ವಾದಿಸೋದು ಕಷ್ಟ.

ಬಡ್ಡಿಗಿಂತ ಅಕೌಂಟ್ಸ್ ವಿಭಾಗ ಹೆದರೋದು ಆದಾಯ ತೆರಿಗೆಗೆ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ 43ಬಿ(ಎಚ್) ಕಲಂ ಪ್ರಕಾರ ಈ ಗಡುವು ಮೀರಿ ಬಾಕಿ ಇಟ್ಟುಕೊಂಡ ಹಣವನ್ನು, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚಿಗೆ ತೋರಿಸಬಹುದು. ಅದಕ್ಕೇ ಮಾರ್ಚ್ ಹತ್ತಿರ ಬಂದಾಗ ಅವರೇ ಮೇಲ್ ಹಾಕಿ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತಾರೆ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಅಚ್ಚಾಗಿರಲಿ. (2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಇಲ್ಲಿರೋದು ಎಲ್ಲರ ಬಾಯಲ್ಲಿರುವ ಹಳೇ ನಂಬರ್.)

ಕಾಪಿರೈಟ್: ಯೂಟ್ಯೂಬ್ ಪಾಠ ಇಲ್ಲಿ ನಡೆಯೋದಿಲ್ಲ

‘ದುಡ್ಡು ಕೊಡದಿದ್ದರೆ ಫೋಟೋ ಬಳಸುವ ಹಕ್ಕಿಲ್ಲ, ಕಾಪಿರೈಟ್ ನನ್ನದು’ ಅಂತ ಯೂಟ್ಯೂಬ್‌ನಲ್ಲಿ ಅಮೆರಿಕದ ಫೋಟೋಗ್ರಾಫರ್‌ಗಳು ಧೈರ್ಯವಾಗಿ ಹೇಳುತ್ತಾರೆ. ಅಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಅದು ನಿಜ. ನಮ್ಮಲ್ಲಿ ಉಲ್ಟಾ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರೋ ಹೇಳಿ ದುಡ್ಡಿಗೆ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಅಂದರೆ ಸುಮ್ನೆ ವಾಟ್ಸಾಪ್‌ನಲ್ಲಿ ‘ಓಕೆ ಸರ್’ ಅಂತ ಹೇಳಿ ಶೂಟ್ ಮಾಡಿಬಿಟ್ಟರೆ, ಬಾಕಿ ಕೊಡದ ಕ್ಲೈಂಟ್ ಅದೇ ಫೋಟೋವನ್ನು ಹೋರ್ಡಿಂಗ್‌ಗೆ ಹಾಕಿದಾಗ ಕಾಪಿರೈಟ್ ಹೆಸರಿನಲ್ಲಿ ತಡೆಯೋದು ಆಗದ ಮಾತು. ದುಡ್ಡಿಗಾಗಿ ಹೋರಾಡಬಹುದು, ಅಷ್ಟೇ.

ಆ ‘ಬೇರೆ ಒಪ್ಪಂದ’ ಅನ್ನೋದನ್ನೇ ನಾವು ಹಿಡಿದುಕೊಳ್ಳಬೇಕು. ಕೊಟೇಶನ್‌ನಲ್ಲಿ ಹೀಗೆ ಬರೆಯಬಹುದು: ‘ಕಾಪಿರೈಟ್ ಫೋಟೋಗ್ರಾಫರ್ ಬಳಿಯೇ ಇರುತ್ತದೆ. ಪೂರ್ತಿ ಹಣ ಖಾತೆಗೆ ಬಂದ ದಿನದಿಂದ 2 ವರ್ಷ, ಭಾರತದೊಳಗೆ, ವೆಬ್‌ಸೈಟ್, ಸೋಷಿಯಲ್ ಮೀಡಿಯಾ ಮತ್ತು ಮುದ್ರಣ ಜಾಹೀರಾತಿಗೆ ಬಳಸಲು ಕ್ಲೈಂಟ್‌ಗೆ ಲೈಸೆನ್ಸ್ ಇರುತ್ತದೆ.’ ಇದಕ್ಕೆ ಕ್ಲೈಂಟ್ ಸಹಿ ಹಾಕಿಸಿಕೊಳ್ಳಿ. ದೊಡ್ಡ ಕಂಪನಿಗಳು ಒಪ್ಪದೆ ಪೂರ್ತಿ ಹಕ್ಕು ಕೇಳಬಹುದು. ಕೊಡಿ, ಆದರೆ ಫೀ ಜಾಸ್ತಿ ಮಾಡಿ, ಹಕ್ಕು ವರ್ಗಾವಣೆಯನ್ನೂ ಪೂರ್ತಿ ಪಾವತಿಗೆ ಗಂಟುಹಾಕಿ. ನನ್ನ ಲೆಕ್ಕದಲ್ಲಿ ಇಡೀ ಕೊಟೇಶನ್‌ನ ಅತಿ ಬೆಲೆಬಾಳುವ ಸಾಲು ಇದು.

ಕೈಗೆ ಎಷ್ಟು, ಯಾವಾಗ

ಸೇವೆಗಳಿಂದ ವರ್ಷಕ್ಕೆ 20 ಲಕ್ಷ ದಾಟಿದವರಿಗೆ ಜಿಎಸ್‌ಟಿ ನೋಂದಣಿ ಬೇಕು. ದರ 18%. ಫೀ 1,00,000 ಇದ್ದರೆ ಬಿಲ್ 1,18,000. ಕಂಪನಿ ಆದಾಯ ತೆರಿಗೆಯ 194ಜೆ ಕಲಂ (ಇದೂ ಹಳೇ ನಂಬರೇ) ಅಡಿ 10% ಟಿಡಿಎಸ್, ಅಂದರೆ ಕೊಡುವ ಮೊದಲೇ ಕಳೆದುಕೊಳ್ಳುವ ತೆರಿಗೆ, ಹಿಡಿಯುತ್ತದೆ. ಜಿಎಸ್‌ಟಿ ಬೇರೆ ತೋರಿಸಿದ್ದರೆ ಅದರ ಮೇಲೆ ಹಿಡಿಯುವಂತಿಲ್ಲ, ಹಾಗಾಗಿ 10,000. ಬ್ಯಾಂಕಿಗೆ ಬರೋದು 1,08,000. ಅದರಲ್ಲಿ 18,000 ಸರ್ಕಾರದ್ದು. ನೀವು ಖರ್ಚು ಮಾಡಬಹುದಾದ್ದು 90,000. ಕೆಲವರು 194ಸಿ ಅಡಿ 1% ಮಾತ್ರ ಹಿಡಿಯುತ್ತಾರೆ, ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಹಿಡಿದ ಹಣ ನಿಮ್ಮ 26ಎಎಸ್‌ನಲ್ಲಿ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ಕಾಣಿಸಿದೆಯಾ ಅಂತ ಆಗಾಗ ನೋಡಿ.

ನೋವಿನ ಭಾಗ ಇದು. ಜಿಎಸ್‌ಟಿ ಕಟ್ಟೋದು ಇನ್‌ವಾಯ್ಸ್ ಲೆಕ್ಕದ ಮೇಲೆ, ದುಡ್ಡು ಬಂದಿದೆಯಾ ಅಂತ ಯಾರೂ ಕೇಳೋದಿಲ್ಲ. ಜೂನ್ 5ರ ಇನ್‌ವಾಯ್ಸ್‌ಗೆ, ತಿಂಗಳ ರಿಟರ್ನ್ ಹಾಕುವವರು ಜುಲೈ 20ರೊಳಗೆ 18,000 ಕಟ್ಟಬೇಕು. 60 ದಿನದ ಕ್ಲೈಂಟ್ ಕೊಡೋದು ಆಗಸ್ಟ್ 4ಕ್ಕೆ. ಜೂನ್ 30ಕ್ಕೆ ಬಿಲ್ ಮಾಡಿದರೂ ಗಡುವು ಜುಲೈ 20ರೇ. ಅದನ್ನೇ ಜುಲೈ 1ಕ್ಕೆ ಮಾಡಿದರೆ ಆಗಸ್ಟ್ 20. ಕೆಲಸ ಮುಗಿದ 30 ದಿನದೊಳಗೆ ಬಿಲ್ ಆಗಬೇಕು ಅನ್ನೋದು ನೆನಪಿರಲಿ. ಅಡ್ವಾನ್ಸ್ ಮೇಲೂ ಬಂದ ತಿಂಗಳಲ್ಲೇ ಜಿಎಸ್‌ಟಿ ಬೀಳುತ್ತದೆ. ಇತ್ತ ಕ್ಲೈಂಟ್ 180 ದಿನದೊಳಗೆ ನಿಮಗೆ ಕೊಡದಿದ್ದರೆ, ಅವರು ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ (ನಿಮ್ಮ ಬಿಲ್‌ನ ಜಿಎಸ್‌ಟಿಯನ್ನು ತಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಂಡದ್ದು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು.

ಫೋನ್ ಮಾಡೋದು

ಡ್ಯೂ ದಿನಕ್ಕೆ ಒಂದು ವಾರ ಮೊದಲೇ ನೆನಪಿನ ಮೇಲ್ ಹೋಗಲಿ. ದಾಟಿದ ಮೇಲೆ ನಿಮ್ಮನ್ನು ಕೆಲಸಕ್ಕೆ ಕರೆದ ಕ್ರಿಯೇಟಿವ್ ಹುಡುಗನಿಗೆ ಕಾಟ ಕೊಡಬೇಡಿ, ಅಕೌಂಟ್ಸ್‌ಗೆ ಮಾಡಿ.

‘ಮೇಡಂ, ನಮಸ್ಕಾರ. ಇನ್‌ವಾಯ್ಸ್ ನಂಬರ್ 14, ಮೊನ್ನೆ ಡ್ಯೂ ಇತ್ತು.’
‘ಅದು ಪೆಂಡಿಂಗ್ ಇದೆ ಸರ್.’
‘ಯಾರ ಹತ್ರ ಪೆಂಡಿಂಗ್ ಇದೆ ಮೇಡಂ?’

ಈ ಮೂರನೇ ಸಾಲು ಮುಖ್ಯ. ಒಂದು ಹೆಸರು ಸಿಕ್ಕರೆ, ಹೆಚ್ಚಿನ ಸಲ ಪಿಒ ನಂಬರ್ ತಪ್ಪು, ಬ್ಯಾಂಕ್ ವಿವರ ಅಪ್ಡೇಟ್ ಆಗಿಲ್ಲ ಅನ್ನೋ ಚಿಲ್ಲರೆ ಕಾರಣ ಹೊರಬೀಳುತ್ತದೆ. ಮಾತಾಡಿದ್ದನ್ನು ಆವತ್ತೇ ಎರಡು ಸಾಲಿನ ಮೇಲ್‌ನಲ್ಲಿ ಹಾಕಿಡಿ.

ಏನೂ ಬಗ್ಗದಿದ್ದರೆ ಲೀಗಲ್ ನೋಟಿಸ್. ಆಮೇಲೆ ಬಾಕಿ ಹಣದ ದೂರಿಗೆ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ. ಅದು ಇಂಥ ತಕರಾರು ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಮೊದಲು ರಾಜಿ, ಆಗದಿದ್ದರೆ ಮಧ್ಯಸ್ಥಿಕೆ. ನಿಮ್ಮ ಪರ ತೀರ್ಪು ಬಂದು ಕಂಪನಿ ಅದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಬೇಕಾದರೆ ಮೊದಲು ಮೊತ್ತದ 75% ಠೇವಣಿ ಇಡಬೇಕು. ಈ ಹಾದಿ ನಿಧಾನ. ಆದರೂ ಅರ್ಜಿಯ ಪ್ರತಿ ಕಂಪನಿಗೆ ತಲುಪಿದ ಮೇಲೆ ಮಾತಿನ ಧಾಟಿ ಬದಲಾಗುವುದುಂಟು. ಸಿವಿಲ್ ದಾವೆಗಾದರೆ ಹಣ ಬಾಕಿಯಾದಂದಿನಿಂದ ಸಾಮಾನ್ಯವಾಗಿ 3 ವರ್ಷದ ಗಡುವು. ಎರಡಕ್ಕೂ ಕೇಳೋದು ಅವೇ ಕಾಗದ: ಸಹಿಯಿರುವ ಕೊಟೇಶನ್, ಪಿಒ, ಇನ್‌ವಾಯ್ಸ್, ಫೈಲ್ ಕಳಿಸಿದ ಮೇಲ್. ಪ್ರತಿ ಕೆಲಸಕ್ಕೂ ಒಂದು ಫೋಲ್ಡರ್ ಮಾಡಿ ಇವನ್ನು ಶೂಟ್‌ನ ರಾ ಫೈಲ್ ಜೊತೆಯಲ್ಲೇ ಬ್ಯಾಕಪ್ ಇಡಿ.