ತೊಳೆದರೆ ಚಿಕ್ಕದಾಗದ ರಂಧ್ರಗಳು

"ಡಾಕ್ಟ್ರೇ, ದಿನಕ್ಕೆ ನಾಲ್ಕು ಸಲ ಮುಖ ತೊಳೀತೀನಿ. ಆದ್ರೂ ಕೆನ್ನೆ ಮೇಲಿನ ತೂತುಗಳು ದೊಡ್ಡದಾಗ್ತಾನೇ ಇವೆ." ನಲವತ್ತು ದಾಟಿದವರಿಂದ ನಾನು ಜಾಸ್ತಿ ಕೇಳುವ ಮಾತು ಇದು. ಆಗ ಅವರ ಕೈಗೆ ಕನ್ನಡಿ ಕೊಡುತ್ತೇನೆ. ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ ಎನ್ನುತ್ತೇನೆ. ಎಷ್ಟೋ ಜನರಲ್ಲಿ ರಂಧ್ರಗಳು ಕಣ್ಣೆದುರಿಗೇ ಸಣ್ಣದಾಗಿ ಕಾಣುತ್ತವೆ. ಕೊಳೆ ಹೋಗಿಲ್ಲ, ಎಣ್ಣೆಯೂ ಹೋಗಿಲ್ಲ. ಚರ್ಮ ಬಿಗಿಯಾಯಿತು, ಅಷ್ಟೇ.

ಮುಖದ ಮೇಲೆ ಹೀಗೆ ಕಣ್ಣಿಗೆ ಕಾಣುವ ಪ್ರತಿ ರಂಧ್ರವೂ ಒಂದು ಕೂದಲ ಬುಡದ ಬಾಯಿ. ಪಕ್ಕದ ಗ್ರಂಥಿ ತಯಾರಿಸುವ ಜಿಡ್ಡು ಅದೇ ದಾರಿಯಲ್ಲಿ ಹೊರಗೆ ಬರುತ್ತದೆ. ಹದಿವಯಸ್ಸಿನಲ್ಲಿ ರಂಧ್ರ ಎದ್ದು ಕಾಣುವುದಕ್ಕೆ ಈ ಜಿಡ್ಡೇ ಮುಖ್ಯ ಕಾರಣ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಜಿಡ್ಡು ಕಡಿಮೆಯಾಗುತ್ತದೆ. ಹಾಗಾದರೆ ರಂಧ್ರವೂ ಚಿಕ್ಕದಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಯಾಕೆಂದರೆ ಅಷ್ಟೊತ್ತಿಗೆ ಅದರ ಸುತ್ತಲಿನ ಆಸರೆ ಸಡಿಲವಾಗಿರುತ್ತದೆ.

ಆ ಆಸರೆ ಕೊಲಾಜನ್ ಮತ್ತು ಎಲಾಸ್ಟಿನ್ ಎಂಬ ನಾರುಗಳದ್ದು. ಕೊಲಾಜನ್ ಚರ್ಮಕ್ಕೆ ಗಟ್ಟಿತನ ಕೊಡುತ್ತದೆ, ಎಲಾಸ್ಟಿನ್ ಎಳೆದರೆ ವಾಪಸ್ ಬರುವ ಗುಣ ಕೊಡುತ್ತದೆ. ವಯಸ್ಸಾದಂತೆ ಎರಡೂ ಸೊರಗುತ್ತವೆ. ರಂಧ್ರದ ಅಂಚು ಹಿಡಿತವಿಲ್ಲದೆ ಕೆಳಗೆ ಜೋಲುತ್ತದೆ. ಅದಕ್ಕೇ ಇಪ್ಪತ್ತರಲ್ಲಿ ಗುಂಡಗಿದ್ದದ್ದು ಐವತ್ತರಲ್ಲಿ ಹನಿಯಂತೆ ಉದ್ದವಾಗುತ್ತದೆ. ಕೆಲವರಲ್ಲಿ ಅಕ್ಕಪಕ್ಕದವು ಸೇರಿಕೊಂಡು ಸಣ್ಣ ಗೆರೆಯಂತೆ ಕಾಣುತ್ತವೆ.

ವಯಸ್ಸಿಗಿಂತ ನನಗೆ ಹೆಚ್ಚು ಚಿಂತೆ ಬಿಸಿಲಿನದು. ಅದರಲ್ಲಿರುವ ಯುವಿ-ಎ ಎಂಬ ನೇರಳಾತೀತ ಕಿರಣ ಚರ್ಮದ ಆಳಕ್ಕಿಳಿದು ಈ ನಾರುಗಳನ್ನು ಹಾಳು ಮಾಡುತ್ತದೆ. ಕಿಟಕಿ ಗಾಜನ್ನೂ ದಾಟಿ ಬರುತ್ತದೆ. 2012ರಲ್ಲಿ ವೈದ್ಯಕೀಯ ಪತ್ರಿಕೆಯಾದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 69 ವರ್ಷದ ಟ್ರಕ್ ಚಾಲಕರೊಬ್ಬರ ಫೋಟೋ ಬಂದಿತ್ತು. 28 ವರ್ಷ ವಾಹನ ಓಡಿಸಿದ್ದ ಅವರ ಎಡಗೆನ್ನೆ ಕಿಟಕಿಯ ಕಡೆಗಿತ್ತು. ಅದರಲ್ಲಿ ಆಳದ ಸುಕ್ಕು, ದಪ್ಪಗಾದ ಚರ್ಮ, ಬಾಯಿ ತೆರೆದ ಬ್ಲ್ಯಾಕ್‌ಹೆಡ್‌ಗಳು. ಬಲಗೆನ್ನೆ ಎಷ್ಟೋ ವಾಸಿ. ಎರಡೂ ಕೆನ್ನೆಗೆ ವಯಸ್ಸು ಒಂದೇ ತಾನೇ! ಆ ಫೋಟೋವನ್ನು ನಾನು ಇವತ್ತಿಗೂ ರೋಗಿಗಳಿಗೆ ತೋರಿಸುತ್ತೇನೆ.

ಹಬೆ ಹಿಡಿದರೆ ರಂಧ್ರ ತೆರೆಯುತ್ತದೆ, ಐಸ್ ಇಟ್ಟರೆ ಮುಚ್ಚುತ್ತದೆ ಎನ್ನುವುದು ನಿಜವಲ್ಲ. ತೆರೆದು ಮುಚ್ಚಲು ಅದರ ಬಾಯಲ್ಲಿ ಸ್ನಾಯುವೇ ಇಲ್ಲ. ಮೂಗಿನ ಮೇಲಿನ ಬೂದು ಚುಕ್ಕೆಗಳೆಲ್ಲ ಬ್ಲ್ಯಾಕ್‌ಹೆಡ್ ಅಲ್ಲ. ಬಹಳಷ್ಟು ಸಹಜವಾದ ಜಿಡ್ಡಿನ ಎಳೆಗಳು, ಹಿಂಡಿ ತೆಗೆದರೂ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಸುಮ್ನೆ ಹಿಂಡಬೇಡಿ, ಒರಟು ಸ್ಕ್ರಬ್ ಹಾಕಿ ಉಜ್ಜಬೇಡಿ. ಕಂದು ಮೈಬಣ್ಣದವರಿಗೆ ಅದರಿಂದ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬರಬಹುದು.

ಮುಖ ತೊಳೆಯಲು ದಿನಕ್ಕೆ ಎರಡು ಸಲ, ಮೃದುವಾದ ಫೇಸ್‌ವಾಶ್ ಸಾಕು. ಬೆಳಿಗ್ಗೆ ಯುವಿ-ಎ ತಡೆಯುವ, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದದಷ್ಟು ಬೇಕು. ಬಟಾಣಿಯಷ್ಟು ಸಾಲದು. ಜಿಡ್ಡು ಜಾಸ್ತಿ ಇದ್ದರೆ ಸ್ಯಾಲಿಸಿಲಿಕ್ ಆಮ್ಲ ರಂಧ್ರದೊಳಗೆ ಇಳಿದು ಕಟ್ಟಿಕೊಂಡದ್ದನ್ನು ಸಡಿಲಿಸುತ್ತದೆ.

ಚರ್ಮ ಜೋತಿರುವವರಿಗೆ ನಾನು ಹೆಚ್ಚು ನಂಬುವುದು ರಾತ್ರಿ ಹಚ್ಚುವ ರೆಟಿನಾಯ್ಡ್ (ವಿಟಮಿನ್ ಎ ಬಳಗದ ಔಷಧ) ಕ್ರೀಮನ್ನು. ಅದು ಹೊಸ ಕೊಲಾಜನ್ ಹುಟ್ಟಲು ನೆರವಾಗುತ್ತದೆ. ಇಲ್ಲಿ ಬಟಾಣಿಯಷ್ಟೇ ಅಳತೆ, ಮೊದಲು ವಾರಕ್ಕೆ ಎರಡು ರಾತ್ರಿ ಮಾತ್ರ. ಆರಂಭದಲ್ಲಿ ಸಿಪ್ಪೆ ಏಳುತ್ತದೆ, ಉರಿಯುತ್ತದೆ. ಹೆದರಿ ಅರ್ಧಕ್ಕೇ ಬಿಡುವವರೇ ಹೆಚ್ಚು, ನನಗೆ ಅದೇ ಬೇಜಾರು. ಕಡಿಮೆಯೆಂದರೂ 12 ವಾರ ಕೊಡಿ. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಮಾತ್ರ ಇದನ್ನು ಹಚ್ಚಬಾರದು.

ರಂಧ್ರ ಪೂರ್ತಿ ಮಾಯವಾಗುತ್ತಾ ಎಂದು ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ. ಲೇಸರ್ ಮಾಡಿಸಿದರೂ ಅಷ್ಟೆ. ಆಮೇಲೆ ಅವರ ಕೈಲಿರುವ ಕನ್ನಡಿಯನ್ನು ಒಂದು ತೋಳಿನಷ್ಟು ದೂರ ಹಿಡಿಯಲು ಹೇಳುತ್ತೇನೆ. ಎದುರಿಗೆ ಕೂತವರಿಗೆ ನಿಮ್ಮ ಮುಖ ಕಾಣುವುದು ಅಷ್ಟು ದೂರದಿಂದ.