ಡೈ ಡಬ್ಬಿಯೊಳಗಿನ ಚೀಟಿ ಓದಿದ್ದೀರಾ?

ಬಳ್ಳಾರಿಯಲ್ಲಿ ಗ್ರಾಹಕರ ಕೇಸುಗಳನ್ನು ನಡೆಸುವ ವಕೀಲೆ ನಾನು. ಬ್ಯೂಟಿ ಪಾರ್ಲರ್ ಇಟ್ಟುಕೊಂಡವರು ನನ್ನ ಆಫೀಸಿಗೆ ಬಂದರೆ ಕೂರುವ ಮೊದಲೇ ಹೇಳುವ ಮಾತು ಒಂದೇ: ‘ಸಹಿ ಮಾಡಿಸ್ಕೊಂಡೀನಿ ಮೇಡಂ.’ ಬ್ಯಾಗಿನಿಂದ ಒಂದು ಹಾಳೆ ಹೊರಗೆ ಬರುತ್ತದೆ. ‘ಏನಾದರೂ ಆದರೆ ಪಾರ್ಲರ್‌ನವರು ಜವಾಬ್ದಾರರಲ್ಲ’ ಅಂತ ಒಂದು ಸಾಲು, ಕೆಳಗೆ ಗಿರಾಕಿಯ ಸಹಿ. ಇದನ್ನು ಯಾರು ಹೇಳಿಕೊಟ್ಟರೋ ಏನೋ, ಕೌಲ್‌ಬಜಾರಿನಿಂದ ಸಿರುಗುಪ್ಪದವರೆಗೂ ಎಲ್ಲರ ಹತ್ತಿರ ಇದೇ ಹಾಳೆ.

ಟವೆಲ್, ಬ್ಲೇಡು, ಕತ್ತರಿ ಸ್ವಚ್ಛ ಇಡೋದು ಹೇಗೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನಾನು ಹೇಳಬೇಕಾಗಿರೋದು ಹೇರ್ ಡೈ ಬಗ್ಗೆ ಮಾತ್ರ.

ಒಂದು ಕೇಸು, ಗುರುತು ಸಿಗದ ಹಾಗೆ ಹೇಳ್ತೀನಿ. ಗಿರಾಕಿ ಐವತ್ತರ ಆಸುಪಾಸಿನ ಹೆಂಗಸು. ವರ್ಷಗಳಿಂದ ಅದೇ ಪಾರ್ಲರ್, ಅದೇ ಕಪ್ಪು ಬಣ್ಣ. ತಮ್ಮನ ಮಗಳ ಮದುವೆಗೆ ಎರಡು ದಿನ ಇದ್ದಾಗ ಬಂದು ಹಚ್ಚಿಸಿಕೊಂಡು ಹೋದರು. ರಾತ್ರಿ ನೆತ್ತಿ ತುರಿಕೆ. ಮಾರನೇ ದಿನ ಕಿವಿಯಿಂದ ನೀರು ಸೋರುವಷ್ಟು ಗುಳ್ಳೆ. ಅಕ್ಷತೆ ಹಾಕುವ ಹೊತ್ತಿಗೆ ಎರಡೂ ಕಣ್ಣು ಬಾತು ಮುಚ್ಚಿಹೋಗಿದ್ದವು, ಆಸ್ಪತ್ರೆಯಲ್ಲಿ ಮಲಗಿದ್ದರು.

ಪಾರ್ಲರ್ ನಡೆಸುವ ಹುಡುಗಿ ನನ್ನ ಮುಂದೆ ಅಳುತ್ತಾ ಕೂತಿದ್ದಳು. ಒಳ್ಳೆಯ ಹುಡುಗಿ, ಕೆಲಸ ಕಲಿತವಳು. ‘ಆರು ವರ್ಷ ಹಚ್ಚೀನಿ ಮೇಡಂ, ಒಮ್ಮಿನೂ ಏನೂ ಆಗಿಲ್ಲ. ಮತ್ತ ಟೆಸ್ಟ್ ಯಾಕ ಮಾಡಬೇಕು?’ ಅಂದಳು. ಡಬ್ಬಿ ಇದೆಯಾ ಅಂತ ಕೇಳಿದೆ. ಪುಣ್ಯಕ್ಕೆ ಕಸಕ್ಕೆ ಹಾಕಿರಲಿಲ್ಲ. ಒಳಗೆ ಎಂಟು ಮಡಿಕೆಯ ತೆಳ್ಳನೆ ಚೀಟಿ, ಮಡಿಕೆ ಬಿಚ್ಚಿಯೇ ಇಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಕನ್ನಡಕ ಹಾಕಿಕೊಂಡು ಜೋರಾಗಿ ಓದಿದೆ. ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಜಾಗ ತೊಳೆದು, ಕಲಸಿದ ಬಣ್ಣ ಒಂಚೂರು ಹಚ್ಚಿ, ಒಣಗಲು ಬಿಟ್ಟು ಕಾದು ನೋಡಬೇಕು, ಉರಿ, ಕೆಂಪು ಕಂಡರೆ ಬಳಸಬಾರದು, ಪ್ರತಿ ಸಲ ಹಚ್ಚುವ ಮೊದಲೂ ಈ ಪರೀಕ್ಷೆ ಮಾಡಬೇಕು. ಹುಡುಗಿ ಅಳು ನಿಲ್ಲಿಸಿ ಚೀಟಿಯನ್ನೇ ನೋಡುತ್ತಾ ಕೂತಳು.

ಇದು ಕಂಪನಿಯವರು ಸುಮ್ನೆ ಬರೆದದ್ದಲ್ಲ. ಇಂಥ ಬಣ್ಣಕ್ಕೆ ಈ ಎಚ್ಚರಿಕೆ ಹಾಕಲೇಬೇಕು ಅಂತ ಕಾಸ್ಮೆಟಿಕ್ಸ್ ರೂಲ್ಸ್, 2020 ಹೇಳುತ್ತದೆ. ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ, ದೃಷ್ಟಿ ಹೋಗಬಹುದು ಅಂತಲೂ ಅದರಲ್ಲೇ ಇರುತ್ತದೆ. ಹುಬ್ಬಿನ ನಾಲ್ಕು ಬಿಳಿ ಕೂದಲಿಗೂ ಅದೇ ಬ್ರಷ್ ಎಳೆಯುವವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು, ದಯವಿಟ್ಟು ಇವತ್ತೇ ಬಿಡಿ.

‘ಹೋದ ಸಲ ಏನೂ ಆಗಿಲ್ಲ’ ಅನ್ನೋದು ಯಾಕೆ ಉತ್ತರ ಅಲ್ಲ ಅಂತ ಬಿಡಿಸಿ ಹೇಳ್ತೀನಿ, ಎಲ್ಲರೂ ಎಡವೋದು ಇಲ್ಲೇ. ಕಪ್ಪು ಬಣ್ಣದಲ್ಲಿ ಸಾಮಾನ್ಯವಾಗಿ ಇರೋದು ಪ್ಯಾರಾ ಫೆನಿಲೀನ್ ಡೈಅಮೈನ್, ಪಿಪಿಡಿ. ಅದರ ಅಲರ್ಜಿ ಮೊದಲ ಸಲಕ್ಕೇ ಬರಬೇಕು ಅಂತಿಲ್ಲ. ಹಚ್ಚಿ ಹಚ್ಚಿ ಮೈ ಅದನ್ನು ವೈರಿ ಅಂತ ಗುರುತು ಹಿಡಿಯುತ್ತದೆ. ಒಮ್ಮೆ ಗುರುತು ಹಿಡಿದರೆ ಮುಗೀತು, ಮುಂದಿನ ಸಲ ಮುಖ ಬಾಯುತ್ತದೆ. ಅಂದರೆ ಹಳೇ ಗಿರಾಕಿ ಅಂದ್ರೆ ಸೇಫ್ ಅಂತ ಅಲ್ಲ. ಇಪ್ಪತ್ತು ಸಲ ಹಚ್ಚಿಸಿಕೊಂಡವರಿಗೆ ಇಪ್ಪತ್ತೊಂದನೇ ಸಲ ಆಗಬಹುದು. ಕಾಲಿಗೆ, ಕೈಗೆ ‘ಕಪ್ಪು ಮೆಹೆಂದಿ’ ಹಾಕಿಸಿಕೊಂಡು ಗುಳ್ಳೆ ಎದ್ದಿದ್ದರೆ ಇನ್ನೂ ಹುಷಾರು, ಅದರಲ್ಲಿ ಎಷ್ಟೋ ಸಲ ಇದೇ ಪಿಪಿಡಿ ಬೆರೆಸಿರುತ್ತಾರೆ. ಟೆಸ್ಟ್‌ಗೆ ಕೆಲವು ಚೀಟಿಯಲ್ಲಿ 24 ಗಂಟೆ, ಕೆಲವದರಲ್ಲಿ 48 ಗಂಟೆ ಅಂತ ಇರುತ್ತದೆ. ಈ ಅಲರ್ಜಿ ನಿಧಾನಕ್ಕೆ ಏಳುವಂಥದ್ದು, ಹಾಗಾಗಿ 48 ಕಾಯೋದು ಒಳ್ಳೇದು. ಟೆಸ್ಟ್ ಸರಿ ಇದ್ದರೆ ಏನೂ ಆಗೋದೇ ಇಲ್ಲ ಅಂತ ನಾನು ಗ್ಯಾರಂಟಿ ಕೊಡಲಾರೆ, ಚರ್ಮದ ಡಾಕ್ಟರೂ ಕೊಡುವುದಿಲ್ಲ. ಆದರೆ ನೀವು ಮಾಡಬೇಕಾದ್ದನ್ನು ಮಾಡಿದ್ದೀರಿ ಅಂತ ಆಗುತ್ತದೆ, ನನಗೆ ವಾದ ಮಾಡಲು ಬೇಕಾಗಿರೋದು ಅಷ್ಟೇ.

ಈಗ ಆ ಸಹಿ ಹಾಳೆಗೆ ಬರೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಸೇವಾ ನ್ಯೂನತೆ’ ಅನ್ನೋದರಲ್ಲಿ ನಿರ್ಲಕ್ಷ್ಯವನ್ನೂ ಸೇರಿಸಿದೆ, ಹೇಳಬೇಕಾದ್ದನ್ನು ಬೇಕಂತಲೇ ಮುಚ್ಚಿಡೋದನ್ನೂ ಸೇರಿಸಿದೆ. ಬಣ್ಣ ಹಚ್ಚಲು ಗಿರಾಕಿ ಒಪ್ಪಿದ್ದರು ಅಂತ ಆ ಹಾಳೆ ಹೇಳುತ್ತದೆ ಬಿಟ್ಟರೆ ನೀವು ಟೆಸ್ಟ್ ಮಾಡಿದ್ದೀರಿ ಅಂತ ಎಲ್ಲೂ ಹೇಳುವುದಿಲ್ಲ. ದೂರು ಕೇಳುವ ಗ್ರಾಹಕ ಆಯೋಗದ ಮುಂದೆ ಎದುರಿನ ವಕೀಲರು ಅದೇ ಎಂಟು ಮಡಿಕೆಯ ಚೀಟಿ ಬಿಚ್ಚಿ ಇಡುತ್ತಾರೆ. ಆಗ ನಿಮ್ಮ ಹಾಳೆಗೆ ಏನು ಬೆಲೆ?

ದೊಡ್ಡ ಊರಿನ ಕೇಸು ಹೇಳಿ ಹೆದರಿಸುವುದು ನನಗೆ ಇಷ್ಟ ಇಲ್ಲ. ಆದರೂ ಕೇಳುತ್ತೀರಿ ಅಂತ ಹೇಳ್ತೀನಿ. ದೆಹಲಿಯ ಒಂದು ಹೋಟೆಲ್ ಸಲೂನ್ ಹೇಳಿದ್ದಕ್ಕಿಂತ ಗಿಡ್ಡ ಕೂದಲು ಕತ್ತರಿಸಿದ್ದಕ್ಕೆ 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ಪರಿಹಾರ ಬರೆಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಷ್ಟು ಮೊತ್ತಕ್ಕೆ ಪುರಾವೆ ಎಲ್ಲಿ ಅಂತ ಕೇಸನ್ನು ವಾಪಸ್ ಕಳಿಸಿತು, ಆದರೆ ಸೇವೆಯಲ್ಲಿ ಲೋಪ ಆಗಿದೆ ಅನ್ನೋದನ್ನು ಮುಟ್ಟಲಿಲ್ಲ. ಇನ್ನೊಂದು ವಿಷಯ, ಈಗ ಗಿರಾಕಿ ತಾನಿರುವ ಊರಲ್ಲೇ ದೂರು ಕೊಡಬಹುದು. ಮದುವೆಗೆ ಬೆಂಗಳೂರಿನಿಂದ ಬಂದವರು ಅಲ್ಲೇ ಕೇಸು ಹಾಕಿದರೆ ನೀವು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕಾಗುತ್ತದೆ. ದೂರು ಕೊಡಲು ಅವರಿಗೆ 2 ವರ್ಷ ಟೈಮ್ ಇರುತ್ತದೆ.

ಹಾಗಾಗಿ ಒಂದು ಲಾಂಗ್ ಬುಕ್ ತಗೊಳ್ಳಿ. ಹೆಸರು, ಫೋನ್, ಯಾವ ಬಣ್ಣ, ಡಬ್ಬಿಯ ಬ್ಯಾಚ್ ನಂಬರ್, ಟೆಸ್ಟ್ ಮಾಡಿದ ದಿನ, ಗಂಟೆ, ಮತ್ತೆ ನೋಡಿದ ದಿನ, ಗಂಟೆ. ಎರಡು ಸಲವೂ ಗಿರಾಕಿಯ ಸಹಿ, ಮೊಬೈಲಲ್ಲಿ ಕಿವಿ ಹಿಂದಿನ ಒಂದು ಫೋಟೊ. ಸಹಿ ಬೇಕಾಗಿರೋದು ಇಲ್ಲಿ. ‘ನಾಳೆನೇ ಮದುವಿ ಐತಿ ಅಕ್ಕಾ, ಹಚ್ಚಿಬಿಡ್ರಿ’ ಅಂದರೆ ಆಗಲ್ಲ ಅನ್ನಿ. ಪಕ್ಕದ ಪಾರ್ಲರಿಗೆ ಹೋಗ್ತಾರೆ, ಹೋಗಲಿ. ಕಷ್ಟ ಅಂತ ನನಗೆ ಗೊತ್ತು, ಸೀಸನ್ನಿನ ಎರಡು ತಿಂಗಳ ದುಡಿಮೆಯಲ್ಲೇ ವರ್ಷದ ಬಾಡಿಗೆ ಹೊರಡಬೇಕು ನಿಮಗೆ.

ಆ ಹುಡುಗಿಯ ಕೇಸು ರಾಜಿಯಲ್ಲಿ ಮುಗೀತು. ನನ್ನನ್ನು ಕೇಳದೆಯೇ ಅವಳು ಆಸ್ಪತ್ರೆಗೆ ಹೋಗಿ ಎರಡು ರಾತ್ರಿ ಗಿರಾಕಿಯ ಪಕ್ಕ ಕೂತಿದ್ದಳಂತೆ, ಬಿಲ್ಲೂ ಕಟ್ಟಿದ್ದಳಂತೆ. ಆ ಹೆಂಗಸು ಅದನ್ನು ಮರೆಯಲಿಲ್ಲ. ಎಲ್ಲ ಕೇಸೂ ಹೀಗೆ ಮುಗಿಯುತ್ತದೆ ಅಂತ ತಿಳಿಯಬೇಡಿ.

ಆಯೋಗದಿಂದ ನೋಟಿಸ್ ಬಂದರೆ ದೇವರ ಫೋಟೊ ಹಿಂದೆ ಇಟ್ಟು ಜಾತ್ರೆ ಮುಗೀಲಿ ಅಂತ ಕಾಯಬೇಡಿ. ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಇನ್ನೊಂದು 15. ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲೇ ಹೇಳಿಯಾಗಿದೆ. ಡಬ್ಬಿ, ಚೀಟಿ, ಲಾಂಗ್ ಬುಕ್ ಮೂರನ್ನೂ ಹಿಡ್ಕೊಂಡು ಅದೇ ವಾರ ಬನ್ನಿ. 46ನೇ ದಿನ ಬಂದರೆ ನಿಮ್ಮ ಪರವಾಗಿ ಉತ್ತರ ಬರೆದುಕೊಡಲು ನನ್ನಿಂದ ಆಗುವುದಿಲ್ಲ.