ಕಿಟಕಿ ಮುಚ್ಚಿದ ಮೇಲೆ ಒಳಗೆ ಉಳಿದದ್ದು

ಮಧ್ಯಾಹ್ನ ಕಳೆಯುತ್ತಿದ್ದಂತೆ ತಲೆ ಭಾರ, ಕಣ್ಣುರಿ, ಗಂಟಲು ಕೆರೆತ. ಸಂಜೆ ಕಚೇರಿಯಿಂದ ಹೊರಬಿದ್ದರೆ ಎಲ್ಲ ಹಗುರ. ಇದು ಎಸಿಯಿಂದಲೋ, ಸ್ಕ್ರೀನಿನಿಂದಲೋ, ಕೆಲಸದ ಒತ್ತಡದಿಂದಲೋ ಎಂಬ ವಾದಕ್ಕೆ ಐವತ್ತು ವರ್ಷಗಳ ಇತಿಹಾಸವಿದೆ.

ಮುಚ್ಚಿದ ಕೋಣೆಯ ಗಾಳಿ ಕೆಟ್ಟಿದೆಯೇ ಎಂದು ಅಳೆಯಲು ಉಸಿರಿನ ಇಂಗಾಲದ ಡೈಆಕ್ಸೈಡನ್ನೇ ಸೂಚಕವಾಗಿ ಹಿಡಿಯಬಹುದೆಂದು ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ತೋರಿಸಿದ್ದರು. ಅವರ ಮಿತಿ ಸಾವಿರಕ್ಕೆ ಒಂದು ಪಾಲು, ಅಂದರೆ ಹತ್ತು ಲಕ್ಷಕ್ಕೆ ಸಾವಿರ. ಆಮೇಲೆ ನೂರು ವರ್ಷ ಕಟ್ಟಡಗಳಿಗೆ ತೆರೆಯುವ ಕಿಟಕಿಗಳಿದ್ದವು, ಪ್ರಶ್ನೆ ದೊಡ್ಡದಾಗಲಿಲ್ಲ.

ತಿರುವು ಬಂದದ್ದು 1973ರ ತೈಲ ಬಿಕ್ಕಟ್ಟಿನಿಂದ. ಹೊರಗಿನ ಗಾಳಿಯನ್ನು ಕಾಯಿಸುವುದಕ್ಕೂ ತಂಪು ಮಾಡುವುದಕ್ಕೂ ಇಂಧನ ಬೇಕು. ಹಾಗಾಗಿ ಗಾಳಿಯನ್ನೇ ಕಡಿಮೆ ಮಾಡಲಾಯಿತು. 1981ರ ಅಮೆರಿಕದ ಮಾನದಂಡದಲ್ಲಿ, ಧೂಮಪಾನವಿಲ್ಲದ ಕಚೇರಿಗೆ ತಲೆಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕೆಂದಾಯಿತು. ಅದೇ ಕಾಲಕ್ಕೆ ಫಾರ್ಮಾಲ್ಡಿಹೈಡ್ ಬಿಡುವ ಅಂಟಿನ ಪಾರ್ಟಿಕಲ್ ಬೋರ್ಡ್, ರಾಸಾಯನಿಕ ವಾಸನೆಯ ಕಾರ್ಪೆಟ್, ಓಝೋನ್ ಉಗುಳುವ ಝೆರಾಕ್ಸ್ ಯಂತ್ರ ಒಳಗೆ ಬಂದವು. ಒಳಬರುವ ಗಾಳಿ ತಗ್ಗಿತು, ಅದಕ್ಕೆ ಸೇರುವ ವಸ್ತುಗಳು ಹೆಚ್ಚಿದವು. ಕೆಮ್ಮು, ತಲೆನೋವು, ಸುಸ್ತಿನ ದೂರುಗಳು ಶುರುವಾದವು.

ಅಳೆದು ನೋಡಿದರೆ ಹೆಚ್ಚಿನ ಕಡೆ ಯಾವ ಒಂದು ರಾಸಾಯನಿಕವೂ ಮಿತಿ ದಾಟಿರುತ್ತಿರಲಿಲ್ಲ. ಅದರಿಂದಲೇ ದೂರು ಕೊಟ್ಟವರ ಮನಸ್ಸಿನ ಮೇಲೆ ಬೆರಳು ತೋರುವುದು ಸುಲಭವಾಯಿತು. ಎಷ್ಟೋ ಜನರ ನೋವು ಹೀಗೆ ಕಡತ ಸೇರಿತು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಇದನ್ನು 'ಸಿಕ್ ಬಿಲ್ಡಿಂಗ್ ಸಿಂಡ್ರೋಮ್' (ಕಟ್ಟಡದೊಳಗೆ ಇದ್ದಾಗ ಕಾಡುವ ಅಸ್ವಸ್ಥತೆ) ಎಂದು ಗುರುತಿಸಿದ ಮೇಲೂ ಅನುಮಾನ ಹೋಗಲಿಲ್ಲ. ದಶಕದ ಕೊನೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಾಷಿಂಗ್ಟನ್ ಕಚೇರಿಯಲ್ಲೇ ಹೊಸ ಕಾರ್ಪೆಟ್ ಹಾಸಿದ ಬಳಿಕ ನೌಕರರು ಅಸ್ವಸ್ಥರಾದರು. ಮಾಲಿನ್ಯ ಅಳೆಯುವವರೇ ದೂರುದಾರರಾದಾಗ ಮಾತಿನ ಧಾಟಿ ಬದಲಾಯಿತು. 1989ರಲ್ಲಿ ಅದೇ ಮಾನದಂಡದಲ್ಲಿ ಕಚೇರಿಗಳಿಗೆ ಬೇಕಾದ ಹೊರಗಾಳಿ ತಲೆಗೆ 20 ಘನ ಅಡಿಗೆ ಏರಿತು. 2004ರಲ್ಲಿ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿತು.

ಇಷ್ಟಾಗುವ ಹೊತ್ತಿಗೆ ಬೆಂಗಳೂರು ಗಾಜಿನ ಕಟ್ಟಡಗಳತ್ತ ಹೊರಳಿತ್ತು. ಈಗ ಹೈಕೋರ್ಟ್ ಇರುವ ಹಳೆಯ ಅಠಾರಾ ಕಚೇರಿಯ ಎತ್ತರದ ಸೂರು, ಉದ್ದನೆಯ ಕಿಟಕಿಗಳು ಇದೇ ಊರಿನ ಹವೆಗೆ ಕಟ್ಟಿದ್ದವು. ಹೊಸ ಟೆಕ್ ಪಾರ್ಕುಗಳಲ್ಲಿ ತೆರೆಯುವ ಕಿಟಕಿ ಅಪರೂಪ. ಈಗ ಹೊರಗಿನ ದೂಳು, ಹೊಗೆ ಹೆಚ್ಚಿರುವುದರಿಂದ ಕಿಟಕಿ ತೆರೆದುಬಿಡಿ ಎನ್ನುವುದೂ ಸುಲಭವಲ್ಲ. ಒಳ್ಳೆಯ ಫಿಲ್ಟರ್ ಮೂಲಕ ಹೊರಗಾಳಿ ತರಬೇಕು, ಅದಕ್ಕೆ ಕರೆಂಟ್ ಬೇಕು. ಬಿಲ್ ಇಳಿಸಲು ಮೊದಲು ಮುಚ್ಚುವುದು ತಾಜಾ ಗಾಳಿಯ ಡ್ಯಾಂಪರನ್ನೇ, ಅಂದರೆ ಹೊರಗಾಳಿ ಒಳಬರುವ ದಾರಿಯ ಮುಚ್ಚಳವನ್ನೇ.

ಹತ್ತು ಜನ ಬಾಗಿಲು ಹಾಕಿಕೊಂಡು ಕೂತ ಮೀಟಿಂಗ್ ರೂಮಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣದೊಂದು ಮೀಟರ್ ಇಟ್ಟರೆ ಸಾಕು. ಡ್ಯಾಂಪರ್ ಮುಚ್ಚಿದ್ದರೆ, ಪೆಟೆನ್‌ಕೋಫರ್ ಗೆರೆ ಎಳೆದ ಆ ಸಾವಿರವನ್ನು ಅಂಕಿ ದಾಟುವುದು ಮೀಟಿಂಗ್ ಮುಗಿಯುವ ಮೊದಲೇ ಕಾಣುತ್ತದೆ.